ಬಟ್ಟಲಲ್ಲಿ ಕೂಡಿದ ಮದ್ದುಗಳು: ಗುತ್ತಲ ಸೀಮೆಯ ಉಬ್ಬಸ ಮತ್ತು ಅದರ ಚಿಕಿತ್ಸೆಯ ಚರಿತ್ರೆ

ದ್ರವರೂಪದ ಔಷಧವನ್ನು ಉಸಿರಿನೊಡನೆ ಒಳಹೋಗುವಷ್ಟು ನವಿರಾದ ಮಂಜನ್ನಾಗಿಸುವ ಸಾಧನಕ್ಕೆ ನೆಬ್ಯುಲೈಸರ್ ಎಂದು ಹೆಸರು. ಗಾಳಿಯನ್ನು ಒತ್ತಿ ಕಳುಹಿಸುವ ಒಂದು ಯಂತ್ರದ ಪೆಟ್ಟಿಗೆ, ಒಂದು ಕೊಳವೆ, ಔಷಧ ಸುರಿಯುವ ಪುಟ್ಟ ಬಟ್ಟಲು ಮತ್ತು ಮೂಗು ಬಾಯಿಗಳನ್ನು ಮುಚ್ಚುವ ಮಾಸ್ಕ್, ಇಷ್ಟೇ ಅದರ ಅಂಗಗಳು. ಹಾವೇರಿ ಜಿಲ್ಲೆಯ ಹೋಬಳಿ ಊರುಗಳ ದವಾಖಾನೆಗಳಲ್ಲಿ ಇಂದು ಈ ಸಾಧನ ಅಪರೂಪದ್ದಲ್ಲ. ದಮ್ಮು ಹತ್ತಿ ಬಂದ ರೋಗಿಗೆ ಅದನ್ನು ಹಚ್ಚುವಾಗ ಎರಡು ಮೂರು ಔಷಧಗಳನ್ನು ಒಂದೇ ಬಟ್ಟಲಿಗೆ ಸುರಿಯುವುದೂ ರೂಢಿಯಾಗಿದೆ. ಹೀಗೆ ಕೂಡಿಸಿದ ಔಷಧಗಳು ಒಂದನ್ನೊಂದು ಕೆಡಿಸದೆ ಉಳಿಯುತ್ತವೆಯೇ ಎಂಬುದು ಮೇಲ್ನೋಟಕ್ಕೆ ಔಷಧಶಾಸ್ತ್ರದ ಒಂದು ಸಣ್ಣ ಪ್ರಶ್ನೆಯಾಗಿ ಕಂಡರೂ, ಅದರ ಹಿಂದೆ ಬಹುಕಾಲದ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಬೆರೆಸುವ ರೂಢಿ ಮೊದಲು ಬಂದಿತು, ಬೆರೆಸಬಹುದೆಂಬ ಪುರಾವೆ ತಡವಾಗಿ ಬಂದಿತು. ನಡುವೆ ಎದುರಾದ ತೊಡಕುಗಳಲ್ಲಿ ಹೆಚ್ಚಿನವು ಔಷಧಗಳಿಂದಲ್ಲ, ಬಾಟಲಿಯಲ್ಲಿ ಔಷಧದ ಜೊತೆಗಿದ್ದ ಇತರ ವಸ್ತುಗಳಿಂದ ಹುಟ್ಟಿದವು.

ಹಾವೇರಿಯ ಪೂರ್ವಕ್ಕೆ, ತುಂಗಭದ್ರೆಯ ಕಡೆಗೆ ಇರುವ ಗುತ್ತಲವು ಶಾಸನಗಳಲ್ಲಿ ಗುತ್ತವೊಳಲು ಎಂದು ಕಾಣಿಸಿಕೊಳ್ಳುತ್ತದೆ. 12 ಮತ್ತು 13ನೆಯ ಶತಮಾನಗಳಲ್ಲಿ ಇಲ್ಲಿಂದ ಆಳಿದ ಗುತ್ತರು ಕಲ್ಯಾಣದ ಚಾಲುಕ್ಯರಿಗೂ ಅನಂತರ ಸೇವುಣರಿಗೂ ಸಾಮಂತರಾಗಿದ್ದು, ತಮ್ಮನ್ನು ಉಜ್ಜಯಿನಿಯ ವಿಕ್ರಮಾದಿತ್ಯನ ವಂಶದವರೆಂದು ಹೇಳಿಕೊಂಡವರು. ನದಿಯ ದಂಡೆಯ ಚೌಡದಾನಪುರದ ಮುಕ್ತೇಶ್ವರ ದೇವಾಲಯದ ಶಾಸನಗಳು ಅವರ ಆಳ್ವಿಕೆಗೆ ಮುಖ್ಯ ಆಧಾರಗಳು. ಊರಿನ ಆರೋಗ್ಯದ ಚರಿತ್ರೆಯನ್ನು ಹುಡುಕುವವರಿಗೆ ಇವುಗಳಿಗಿಂತ ಬೆಲೆಯುಳ್ಳದ್ದು ಗುತ್ತಲದಲ್ಲೇ ದೊರೆತ 1539ರ ಒಂದು ಶಾಸನ. ಬರದಿಂದ ಸತ್ತ 6,307 ಜನರ ಹೆಣಗಳನ್ನು ಮರುಳಯ್ಯ ಒಡೆಯ ಎಂಬಾತ ಹೂಳಿಸಿ ಪುಣ್ಯ ಪಡೆದನೆಂದು ಅದು ದಾಖಲಿಸುತ್ತದೆ. ಸತ್ತವರ ಲೆಕ್ಕವನ್ನು ಇಷ್ಟು ಕರಾರುವಾಕ್ಕಾಗಿ ಹೇಳುವ ಶಾಸನಗಳು ವಿರಳ. ಆದರೆ ಕಲ್ಲಿನ ಮೇಲೆ ಬರೆಸಿಕೊಳ್ಳಲು ಸಾವು ಸಾವಿರಗಳಲ್ಲಿ ಬರಬೇಕಿತ್ತು. ಮಳೆಗಾಲ ಬಂದಾಗಲೆಲ್ಲ ಮರಳಿ ಕಾಡುವ, ಕೊಲ್ಲುವುದಕ್ಕಿಂತ ನರಳಿಸುವುದೇ ಹೆಚ್ಚಾದ ಉಬ್ಬಸದಂಥ ರೋಗವನ್ನು ಯಾವ ಒಡೆಯನೂ ಶಾಸನಕ್ಕೆ ಏರಿಸಲಿಲ್ಲ. ಆದ್ದರಿಂದ ಅದರ ಜಾಡನ್ನು ವೈದ್ಯಗ್ರಂಥಗಳಲ್ಲಿ, ಜನರ ಆಚರಣೆಗಳಲ್ಲಿ ಮತ್ತು ನೆಲದ ಕಸುಬುಗಳಲ್ಲಿ ಅರಸಬೇಕಾಗುತ್ತದೆ.

ಕಸುಬುಗಳ ಮಟ್ಟಿಗೆ ಈ ಸೀಮೆಯ ಗಾಳಿ ಶ್ವಾಸಕೋಶಕ್ಕೆ ಹಗುರವಾದುದಲ್ಲ. 1840ರ ದಶಕದಿಂದ ಧಾರವಾಡ ಜಿಲ್ಲೆಯ ಎರೆಹೊಲಗಳಲ್ಲಿ ಅಮೆರಿಕದ ತಳಿಯ ಹತ್ತಿಯನ್ನು ಬೆಳೆಯಿಸಲು ಬ್ರಿಟಿಷ್ ಆಡಳಿತ ಮುಂದಾಯಿತು. ಅರಳೆಯನ್ನು ಬೀಜದಿಂದ ಬೇರ್ಪಡಿಸುವ ಗರಗಸದ ಜಿನ್ನುಗಳು ಅದರ ಜೊತೆಗೇ ಬಂದವು. 1880ರ ದಶಕದಲ್ಲಿ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ರೈಲುದಾರಿ ಬಿದ್ದ ಮೇಲೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ದೊಡ್ಡ ಪೇಟೆಗಳಾಗಿ ಬೆಳೆದವು. ಹತ್ತಿಯ ಧೂಳನ್ನು ವರ್ಷಗಟ್ಟಲೆ ಸೇವಿಸಿದವರಲ್ಲಿ ಎದೆ ಬಿಗಿಯುವ ರೋಗವೊಂದು ಉಂಟಾಗುತ್ತದೆ. ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನ ಅದು ಹೆಚ್ಚಾಗಿ ಬಾಧಿಸುವುದೇ ಅದರ ಗುರುತು. ಪೋರ್ಚುಗೀಸರ ಮೂಲಕ 16ನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಮೆಣಸಿನಕಾಯಿ ಬ್ಯಾಡಗಿಯ ಹೆಸರನ್ನೇ ಪಡೆದು, 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಗಳಿಸಿತು. ಬ್ಯಾಡಗಿಯ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ನಿಜವಾದರೂ, ರಾಶಿ ಹರಡುವ, ತೊಟ್ಟು ಬಿಡಿಸುವ, ಪುಡಿ ಮಾಡುವ ಕೆಲಸದಲ್ಲಿ ಏಳುವ ಘಾಟು ಸಣ್ಣದಲ್ಲ. ಮೆಣಸಿನಕಾಯಿಯ ಖಾರದ ಸತ್ವವಾದ ಕ್ಯಾಪ್ಸೈಸಿನ್ ಉಸಿರುದಾರಿಯ ನರತುದಿಗಳನ್ನು ಕೆರಳಿಸಿ ಕೆಮ್ಮನ್ನು ಎಬ್ಬಿಸುತ್ತದೆ. ಆರೋಗ್ಯವಂತನಲ್ಲಿ ಅದು ಕೆಮ್ಮಿಗೇ ಮುಗಿದರೆ, ಮೊದಲೇ ಉಬ್ಬಸವಿದ್ದವನಲ್ಲಿ ದಮ್ಮನ್ನು ಹತ್ತಿಸಬಲ್ಲದು. ಗೋವಿನಜೋಳದ ಒಕ್ಕಣೆಯ ಹೊಟ್ಟು, ಸೌದೆ ಒಲೆಯ ಹೊಗೆ, ತುಂಗಭದ್ರೆಯ ಬಯಲಿನ ಮಳೆಗಾಲದ ತೇವ, ಇವೂ ಅದೇ ಸಾಲಿಗೆ ಸೇರುತ್ತವೆ.

ಉಬ್ಬಸವನ್ನು ಪ್ರಾಚೀನ ವೈದ್ಯ ಚೆನ್ನಾಗಿಯೇ ಬಲ್ಲವನಾಗಿದ್ದ. ಚರಕಸಂಹಿತೆ ಐದು ಬಗೆಯ ಶ್ವಾಸರೋಗಗಳನ್ನು ಹೇಳಿ, ಅವುಗಳಲ್ಲಿ ತಮಕಶ್ವಾಸವೆಂಬುದು ಮೋಡ, ಮಳೆ, ಚಳಿ, ಮೂಡಣಗಾಳಿಗಳಿಂದ ಹೆಚ್ಚುತ್ತದೆಂದೂ, ಮಲಗಿದರೆ ಬಾಧಿಸಿ ಎದ್ದು ಕುಳಿತರೆ ಸಮಾಧಾನ ಕೊಡುತ್ತದೆಂದೂ ವರ್ಣಿಸುತ್ತದೆ. ಇಂದಿನ ಅಸ್ತಮಾ ರೋಗಿಯ ಲಕ್ಷಣಗಳಿಗೆ ಈ ವರ್ಣನೆ ಬಹುಮಟ್ಟಿಗೆ ಒಪ್ಪುತ್ತದೆ. ಮದ್ದಿನ ಬತ್ತಿಯ ಹೊಗೆಯನ್ನು ಎಳೆದುಕೊಳ್ಳುವ ಧೂಮಪಾನ ಚಿಕಿತ್ಸೆಯೂ ಅದೇ ಪರಂಪರೆಯದು. ಔಷಧಗಳನ್ನು ಕೂಡಿಸುವ ವಿಷಯದಲ್ಲಿ ಆಯುರ್ವೇದ ತಳೆದ ನಿಲುವು ಇಲ್ಲಿ ಮುಖ್ಯವಾಗುತ್ತದೆ. ಬಿಡಿಯಾಗಿ ಹಿತವಾದ ಎರಡು ದ್ರವ್ಯಗಳು ಕೂಡಿದಾಗ ಅಹಿತವಾಗಬಹುದೆಂದು ಹೇಳಿ, ಹಾಲಿನೊಡನೆ ಮೀನನ್ನು, ಸಮತೂಕದ ಜೇನು ತುಪ್ಪಗಳನ್ನು ಅದು ನಿಷೇಧಿಸಿತು. ಕೂಡಿಕೆಯಷ್ಟೇ ಅಲ್ಲದೆ ಪ್ರಮಾಣ, ಕಾಲ, ಸಂಸ್ಕಾರ, ಕ್ರಮಗಳಿಂದಲೂ ವಿರೋಧ ಹುಟ್ಟಬಹುದೆಂದು ವಿಂಗಡಿಸಿತು. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಕರ್ಣಾಟಕ ಕಲ್ಯಾಣಕಾರಕವೆಂಬ ಹೆಸರಿನಲ್ಲಿ ಕನ್ನಡಕ್ಕೆ ತಂದಾಗ ಮದ್ಯ, ಮಾಂಸ, ಮಧುಗಳಿಲ್ಲದ ಜೈನ ಔಷಧಕ್ರಮವೊಂದು ಕನ್ನಡದಲ್ಲಿ ನೆಲೆಯೂರಿತು. ಯಾವುದನ್ನು ಯಾವುದರೊಡನೆ ಕೂಡಿಸಬಹುದೆಂಬ ಪ್ರಶ್ನೆ ಕನ್ನಡ ವೈದ್ಯರಿಗೆ ಹೊಸದಾಗಿರಲಿಲ್ಲ. ಅದಕ್ಕೆ ಉತ್ತರವನ್ನು ಪ್ರಯೋಗಶಾಲೆಯ ಅಳತೆಯಿಂದ ಪಡೆಯುವ ಸಾಧ್ಯತೆಯಷ್ಟೇ ಅವರಿಗೆ ಇರಲಿಲ್ಲ.

ಜನಪದ ಚಿಕಿತ್ಸೆಯಲ್ಲಿ ಆಡುಸೋಗೆಯ ಎಲೆಯ ಕಷಾಯಕ್ಕೆ ದೊಡ್ಡ ಸ್ಥಾನವಿತ್ತು. ಅದರಲ್ಲಿರುವ ವ್ಯಾಸಿಸಿನ್ ಎಂಬ ವಸ್ತುವನ್ನು ಆಧಾರವಾಗಿಟ್ಟುಕೊಂಡೇ ಕಫವನ್ನು ತೆಳುಮಾಡುವ ಬ್ರೋಮ್‌ಹೆಕ್ಸಿನ್ ಎಂಬ ಆಧುನಿಕ ಔಷಧ ಮುಂದೆ ರೂಪುಗೊಂಡಿತು. ಮೃಗಶಿರಾ ಮಳೆ ಕೂಡುವ ಹೊತ್ತಿಗೆ, ಎಂದರೆ ಜೂನ್ ಮೊದಲ ವಾರದ ಸುಮಾರಿಗೆ, ಹೈದರಾಬಾದಿನಲ್ಲಿ ಮೀನಿನ ಮೂಲಕ ಕೊಡುವ ಮದ್ದಿಗಾಗಿಯೂ ಕೊಪ್ಪಳ ತಾಲ್ಲೂಕಿನ ಕುಟಗನಹಳ್ಳಿಯಲ್ಲಿ ಹಂಚುವ ಮದ್ದಿಗಾಗಿಯೂ ಉತ್ತರ ಕರ್ನಾಟಕದ ದಮ್ಮಿನ ರೋಗಿಗಳು ಹೋಗುವ ವಾಡಿಕೆ ಇಂದಿಗೂ ಉಳಿದಿದೆ. ಈ ಮದ್ದುಗಳ ಗುಣಕ್ಕೆ ವೈಜ್ಞಾನಿಕ ಪುರಾವೆಯಿಲ್ಲ. ಆದರೆ ಮುಂಗಾರಿನ ಆರಂಭದಲ್ಲಿ ರೋಗ ಉಲ್ಬಣಿಸುತ್ತದೆಂಬ ಜನರ ಅನುಭವ ಆ ತಿಥಿಯ ಆಯ್ಕೆಯಲ್ಲಿ ಸ್ಪಷ್ಟವಾಗಿದೆ.

ಇಂದಿನ ನೆಬ್ಯುಲೈಸರ್ ಬಟ್ಟಲನ್ನು ಸೇರುವ ಮೊದಲ ಧಾರೆ ಹೊರಟದ್ದು ದಕ್ಷಿಣ ಭಾರತದಿಂದಲೇ. ದತ್ತೂರಿಯ ಒಣಬೇರು ಕಾಂಡಗಳ ಹೊಗೆಯನ್ನು ಉಬ್ಬಸಕ್ಕೆ ಸೇದುವ ಪದ್ಧತಿಯನ್ನು ಮದರಾಸಿನಲ್ಲಿದ್ದ ಸ್ಕಾಟಿಷ್ ವೈದ್ಯ ಜೇಮ್ಸ್ ಆಂಡರ್ಸನ್ ಬಲ್ಲವನಾಗಿದ್ದ; ಅವನ ಮೂಲಕ ಅದನ್ನು ಅರಿತ ಜನರಲ್ ಜೆಂಟ್ ಎಂಬ ಸೇನಾಧಿಕಾರಿ 1802ರ ಸುಮಾರಿಗೆ ಆ ಗಿಡದ ಮಾದರಿಯನ್ನು ಬ್ರಿಟನ್ನಿಗೆ ಒಯ್ದ. ಅಲ್ಲಿಂದಾಚೆ ಯುರೋಪಿನಲ್ಲಿ ದತ್ತೂರಿಯ ಉಬ್ಬಸದ ಸಿಗರೇಟುಗಳು 20ನೆಯ ಶತಮಾನದವರೆಗೂ ಮಾರಾಟವಾದವು. ದತ್ತೂರಿಯಲ್ಲಿರುವ ಅಟ್ರೋಪಿನ್ ಜಾತಿಯ ವಸ್ತುಗಳು ಶ್ವಾಸನಾಳದ ಸ್ನಾಯುಗಳನ್ನು ಕುಗ್ಗಿಸುವ ನರಸಂದೇಶವನ್ನು ತಡೆದು ನಾಳವನ್ನು ಸಡಿಲಿಸುತ್ತವೆ. ಆದರೆ ರಕ್ತಕ್ಕೆ ಸೇರಿದರೆ ಬಾಯಿ ಒಣಗಿಸಿ, ಎದೆಬಡಿತ ಹೆಚ್ಚಿಸಿ, ಬುದ್ಧಿಭ್ರಮಣೆಯನ್ನೂ ತರುತ್ತವೆ. ಜರ್ಮನಿಯ ಬೋರಿಂಗರ್ ಇಂಗೆಲ್‌ಹೈಮ್ ಸಂಸ್ಥೆ ಅಟ್ರೋಪಿನ್ನಿನ ರಚನೆಯನ್ನು ಮಾರ್ಪಡಿಸಿ, ಶ್ವಾಸನಾಳದಿಂದ ರಕ್ತಕ್ಕೆ ಹೆಚ್ಚಾಗಿ ದಾಟದ ಇಪ್ರಾಟ್ರೋಪಿಯಂ ಎಂಬ ಔಷಧವನ್ನು 1970ರ ದಶಕದಲ್ಲಿ ಬಳಕೆಗೆ ತಂದಿತು. ಮಾಸ್ಕ್ ಸಡಿಲವಾಗಿ ಈ ಔಷಧದ ಮಂಜು ಕಣ್ಣಿಗೆ ತಗುಲಿದರೆ ಪಾಪೆ ಹಿಗ್ಗುವುದುಂಟು; ದತ್ತೂರಿಯ ಕುಲಗುಣ ಅಷ್ಟರ ಮಟ್ಟಿಗೆ ಉಳಿದಿದೆ.

ಎರಡನೆಯ ಧಾರೆ ಅಡ್ರಿನಲಿನ್ನಿನದು. 1901ರಲ್ಲಿ ಜಪಾನಿನ ತಕಾಮಿನೆ ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ. ಎರಡೇ ವರ್ಷಗಳಲ್ಲಿ ಉಬ್ಬಸಕ್ಕೆ ಅದರ ಚುಚ್ಚುಮದ್ದು ಬಂದಿತು. ದ್ರವವನ್ನು ತುಂತುರಾಗಿಸುವ ಉಪಕರಣವನ್ನು ಪ್ಯಾರಿಸಿನ ಸಾಲ್-ಜಿರೋಂ 1858ರಲ್ಲೇ ರೂಪಿಸಿದ್ದ. 1929ರಲ್ಲಿ ಇಂಗ್ಲೆಂಡಿನ ಪರ್ಸಿ ಕ್ಯಾಂಪ್ಸ್ ಅಡ್ರಿನಲಿನ್ನನ್ನು ತುಂತುರಾಗಿ ಉಸಿರಿಗೆ ಕೊಡುವ ಕ್ರಮವನ್ನು ವರದಿ ಮಾಡಿದ. ರಬ್ಬರಿನ ಬುಡ್ಡೆಯನ್ನು ಕೈಯಿಂದ ಒತ್ತಿ ಗಾಜಿನ ಬಟ್ಟಲಿನಿಂದ ಮಂಜನ್ನು ಎಬ್ಬಿಸುತ್ತಿದ್ದ ಆ ಕಾಲದಲ್ಲೇ ಅಡ್ರಿನಲಿನ್ನಿನೊಡನೆ ಅಟ್ರೋಪಿನ್ ಜಾತಿಯ ವಸ್ತುವನ್ನು ಬೆರೆಸಿದ ದ್ರಾವಣಗಳು ಮಾರಾಟಕ್ಕೆ ಬಂದಿದ್ದವು, ಎಂದರೆ ಬೆರಕೆಯ ರೂಢಿ ನೆಬ್ಯುಲೈಸರಿನಷ್ಟೇ ಹಳೆಯದು. ಅಡ್ರಿನಲಿನ್ ಗಾಳಿಗೂ ಕ್ಷಾರಕ್ಕೂ ಸೋತು ಬಲುಬೇಗ ಕೆಡುವ ವಸ್ತು. ಕೆಟ್ಟಾಗ ದ್ರಾವಣ ಮೊದಲು ನಸುಗೆಂಪಾಗಿ ಬಳಿಕ ಕಂದಾಗುತ್ತಿತ್ತು, ಆದ್ದರಿಂದ ಬಣ್ಣ ನೋಡಿಯೇ ಅದನ್ನು ಚೆಲ್ಲಬಹುದಾಗಿತ್ತು. ಅದರ ಹೃದಯಬಾಧೆಯನ್ನು ತಗ್ಗಿಸುವ ಹುಡುಕಾಟ ಐಸೊಪ್ರಿನಲಿನ್ ಮಾರ್ಗವಾಗಿ ಮುಂದುವರಿದು, ಇಂಗ್ಲೆಂಡಿನ ವೇರ್ ಎಂಬಲ್ಲಿ ಡೇವಿಡ್ ಜ್ಯಾಕ್‌ನ ತಂಡ ಸಾಲ್ಬ್ಯುಟಮಾಲನ್ನು ಕಂಡುಹಿಡಿಯುವಲ್ಲಿ ಮುಗಿಯಿತು. 1969ರಲ್ಲಿ ಅದು ಪೇಟೆಗೆ ಬಂದಿತು. ಶ್ವಾಸನಾಳದ ಊತವನ್ನೇ ತಗ್ಗಿಸುವ ಸ್ಟಿರಾಯ್ಡುಗಳು ಮೂರನೆಯ ಧಾರೆ: 1972ರಲ್ಲಿ ಬೆಕ್ಲೊಮೆಥಾಸೋನ್ ಇನ್‌ಹೇಲರ್ ಬಂದರೆ, ಸ್ವೀಡನ್ನಿನಲ್ಲಿ ರೂಪುಗೊಂಡ ಬುಡೆಸೊನೈಡ್ 1980ರ ದಶಕದಲ್ಲಿ ಬಳಕೆಗೆ ಬಂದಿತು. ಗುತ್ತಲದ ಸಮೀಪದ ಗಳಗನಾಥದಲ್ಲಿ ವರದೆ ತುಂಗಭದ್ರೆಯನ್ನು ಕೂಡುವಂತೆ, ಬೇರೆ ಬೇರೆ ಕಡೆ ಹುಟ್ಟಿದ ಈ ಧಾರೆಗಳು ಒಂದೇ ಬಟ್ಟಲಲ್ಲಿ ಸೇರಿದವು.

ಈ ಔಷಧಗಳು ಹಾವೇರಿ ಸೀಮೆಯನ್ನು ತಲಪಿದ್ದು ನಿಧಾನವಾಗಿ. ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು 1957ರಲ್ಲಿ ಆರಂಭವಾದ ಮೇಲೆ ಆಗಿನ ಧಾರವಾಡ ಜಿಲ್ಲೆಗೆ ದೊಡ್ಡ ಆಸ್ಪತ್ರೆಯೊಂದು ಹತ್ತಿರವಾಯಿತು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಹಳ್ಳಿಗಾಡಿನ ವೈದ್ಯರ ಕೈಯಲ್ಲಿ ಬಹುಕಾಲ ಇದ್ದದ್ದು ಎಫೆಡ್ರಿನ್ ಗುಳಿಗೆ, ಅಡ್ರಿನಲಿನ್ ಸೂಜಿ, ಅಮಿನೊಫಿಲಿನ್, ಡೆರಿಫಿಲಿನ್ ಇಂಜೆಕ್ಷನ್‌ಗಳು ಮತ್ತು ಸ್ಟಿರಾಯ್ಡ್ ಚುಚ್ಚುಮದ್ದು. 1935ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಸಿಪ್ಲಾ 1970ರ ದಶಕದ ಕೊನೆಯಿಂದ ಇನ್‌ಹೇಲರ್‌ಗಳನ್ನು ದೇಶದಲ್ಲೇ ತಯಾರಿಸತೊಡಗಿದ ಮೇಲೆ ಅಸ್ಥಾಲಿನ್ ಎಂಬ ಅದರ ಸಾಲ್ಬ್ಯುಟಮಾಲ್ ಹೆಸರು ಮನೆಮಾತಾಯಿತು. ರೋಗದ ಪ್ರಮಾಣವೂ ಏರುತ್ತಿತ್ತು: ಬೆಂಗಳೂರಿನ ಡಾ. ಎಚ್. ಪರಮೇಶ್ ಅವರು 20,000ಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ, 1979ರಲ್ಲಿ ಶೇ. 9ರಷ್ಟಿದ್ದ ಅಸ್ತಮಾ 1999ರ ವೇಳೆಗೆ ಶೇ. 29.5ಕ್ಕೆ ಏರಿತೆಂದು ತೋರಿಸಿದರು. ನಗರದ ಈ ಅಂಕಿಗಳನ್ನು ಹಳ್ಳಿಗೆ ಹಾಗೆಯೇ ಹೊಂದಿಸಲಾಗದು. ಆದರೂ ನೆಬ್ಯುಲೈಸರ್ ದೊಡ್ಡ ಆಸ್ಪತ್ರೆಯ ಹೊಸ್ತಿಲು ದಾಟಿ ಸಣ್ಣ ದವಾಖಾನೆಗೆ ಬರುವುದಕ್ಕೆ ಇದ್ದ ಒತ್ತಡ ಎಂಥದೆಂಬುದನ್ನು ಅವು ಸೂಚಿಸುತ್ತವೆ.

ಔಷಧಗಳನ್ನು ಕೂಡಿಸಲು ಚಿಕಿತ್ಸೆಯ ದೃಷ್ಟಿಯಿಂದ ಗಟ್ಟಿಯಾದ ಕಾರಣಗಳಿದ್ದವು. ಸಾಲ್ಬ್ಯುಟಮಾಲ್ ಕೆಲವೇ ನಿಮಿಷಗಳಲ್ಲಿ ನಾಳವನ್ನು ಸಡಿಲಿಸಿದರೆ, ಇಪ್ರಾಟ್ರೋಪಿಯಂ ತುಸು ತಡವಾಗಿ ಬೇರೊಂದು ದಾರಿಯಿಂದ ಅದೇ ಕೆಲಸ ಮಾಡುತ್ತದೆ. ಬುಡೆಸೊನೈಡ್ ಗಂಟೆಗಳ ಬಳಿಕ ಊತವನ್ನು ಇಳಿಸುತ್ತದೆ. 1987ರಲ್ಲಿ ಕೆನಡಾದ ರೀಬಕ್ ಮತ್ತು ಸಂಗಡಿಗರು ತುರ್ತು ಚಿಕಿತ್ಸೆಗೆ ಬಂದ ಅಸ್ತಮಾ ರೋಗಿಗಳಲ್ಲಿ ಎರಡು ಬಗೆಯ ಔಷಧಗಳ ಬೆರಕೆ ಒಂಟಿ ಔಷಧಕ್ಕಿಂತ ಮೇಲೆಂದು ತೋರಿಸಿದರು. 1998ರಲ್ಲಿ ಅಮೆರಿಕದ ಖುರೇಷಿ ಮತ್ತು ಸಂಗಡಿಗರು 434 ಮಕ್ಕಳಲ್ಲಿ ನಡೆಸಿದ ಪರೀಕ್ಷೆಯಲ್ಲಿ, ತೀವ್ರ ದಮ್ಮಿನ ಮಕ್ಕಳ ಪೈಕಿ ಆಸ್ಪತ್ರೆಗೆ ದಾಖಲಾಗಬೇಕಾದವರು ಶೇ. 52.6ರಿಂದ ಶೇ. 37.5ಕ್ಕೆ ಇಳಿದರು. ಆದರೆ ಈ ಪರೀಕ್ಷೆಗಳು ಅಳೆದದ್ದು ರೋಗಿಯ ಉಸಿರನ್ನು. ಬಟ್ಟಲಿನೊಳಗೆ ಔಷಧಗಳಿಗೆ ಏನಾಗುತ್ತದೆಂಬುದು ಬೇರೆಯದೇ ಪ್ರಶ್ನೆಯಾಗಿತ್ತು.

ಆ ಪ್ರಶ್ನೆಗೆ ಮೂರು ಮುಖಗಳಿವೆ. ಮೊದಲನೆಯದು ಭೌತಿಕ ಹೊಂದಾಣಿಕೆ: ಬೆರೆಸಿದ ದ್ರವ ಕದಡದೆ, ಬಣ್ಣ ತಿರುಗದೆ, ತಳದಲ್ಲಿ ಗಸಿ ಕೂಡದೆ ಇರಬೇಕು. ಎರಡನೆಯದು ರಾಸಾಯನಿಕ ಹೊಂದಾಣಿಕೆ: ಕಣ್ಣಿಗೆ ತಿಳಿಯಾಗಿ ಕಂಡರೂ ಔಷಧದ ಅಣುಗಳು ಒಡೆದಿರಬಹುದಾದ್ದರಿಂದ, ಪ್ರತಿಯೊಂದು ಎಷ್ಟು ಉಳಿದಿದೆಯೆಂಬುದನ್ನು ಉಪಕರಣದಿಂದ ಅಳೆಯಬೇಕು; ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ನಷ್ಟವಾದರೆ ಬೆರಕೆ ಸಲ್ಲದೆಂಬುದು ಸಾಮಾನ್ಯ ಮಾನದಂಡ. ಮೂರನೆಯದು ಮಂಜಿನ ಗುಣ: ಶ್ವಾಸಕೋಶದ ಆಳಕ್ಕೆ ಇಳಿಯಲು ಹನಿಗಳು 1ರಿಂದ 5 ಮೈಕ್ರಾನ್ ಗಾತ್ರದಲ್ಲಿರಬೇಕು, ಎಂದರೆ ಮಿಲಿಮೀಟರಿನ ಸಾವಿರದ ಒಂದರಿಂದ ಐದು ಪಾಲು; ಬೆರಕೆಯಿಂದ ದ್ರವದ ಸ್ನಿಗ್ಧತೆಯೋ ಮೇಲ್ಮೈ ಎಳೆತವೋ ಬದಲಾದರೆ ಹನಿಯ ಗಾತ್ರವೂ ಮಂಜಿನ ಪ್ರಮಾಣವೂ ಬದಲಾಗುತ್ತವೆ.

ತೊಡಕುಗಳ ಮೂಲ ಮಾತ್ರ ಅನಿರೀಕ್ಷಿತ ಕಡೆಯಲ್ಲಿತ್ತು. ಒಂದೇ ಬಾಟಲಿಯಿಂದ ಹಲವು ರೋಗಿಗಳಿಗೆ ಹನಿ ಹನಿಯಾಗಿ ಅಳೆದು ಹಾಕುವ ದ್ರಾವಣ ಸೋಂಕಬಾರದೆಂದು ಅದರಲ್ಲಿ ಬೆಂಜಾಲ್ಕೋನಿಯಂ ಕ್ಲೋರೈಡಿನಂಥ ಸಂರಕ್ಷಕಗಳನ್ನು, ಎಂದರೆ ಸೂಕ್ಷ್ಮಜೀವಿಗಳನ್ನು ಬೆಳೆಯಗೊಡದ ವಸ್ತುಗಳನ್ನು ಸೇರಿಸುತ್ತಿದ್ದರು. 1980ರ ದಶಕದಲ್ಲಿ ಬ್ರಿಟನ್ನಿನ ವೈದ್ಯರು, ನಾಳ ಹಿಗ್ಗಿಸಬೇಕಾದ ಇಪ್ರಾಟ್ರೋಪಿಯಂ ದ್ರಾವಣವೇ ಕೆಲವರಲ್ಲಿ ನಾಳವನ್ನು ಬಿಗಿಯುತ್ತಿರುವುದನ್ನು ಗಮನಿಸಿ, ಅದಕ್ಕೆ ಕಾರಣ ಔಷಧವಲ್ಲ, ಸಂರಕ್ಷಕಗಳು ಮತ್ತು ದ್ರಾವಣದ ಲವಣದ ಕೊರತೆ ಎಂದು ಕಂಡುಕೊಂಡರು. ಅದೇ ಬೆಂಜಾಲ್ಕೋನಿಯಂ, ಕ್ರೋಮೊಗ್ಲೈಕೇಟ್ ಎಂಬ ಮತ್ತೊಂದು ಉಬ್ಬಸದ ಔಷಧವನ್ನು ಕೂಡಿದರೆ ಬೆರಕೆ ಕದಡಿ ಬೆಳ್ಳಗಾಗುತ್ತದೆ. ಸಂರಕ್ಷಕವಿಲ್ಲದ ದ್ರಾವಣವಾದರೆ ಹಾಗಾಗುವುದಿಲ್ಲ. ಔಷಧವನ್ನು ತೆಳುಮಾಡಲು ಬರಿಯ ನೀರನ್ನು ಬಳಸಿದರೂ ದಮ್ಮು ಹೆಚ್ಚಬಹುದಾದ್ದರಿಂದ, ಶೇ. 0.9 ಉಪ್ಪಿರುವ ನಾರ್ಮಲ್ ಸಲೈನನ್ನೇ ಬಳಸುವುದು ನಿಯಮವಾಯಿತು. ಒಂದೇ ಸಲಕ್ಕೆ ಸಾಕಾಗುವ, ಸಂರಕ್ಷಕ ಬೇಡದ ಪ್ಲಾಸ್ಟಿಕ್ ರೆಸ್ಪ್ಯೂಲ್‌ಗಳು ಬಳಕೆಗೆ ಬಂದಾಗ ಈ ತೊಡಕು ಬಹುಮಟ್ಟಿಗೆ ನಿವಾರಣೆಯಾಯಿತು.

ಬೆರಕೆಯ ಪುರಾವೆ ಕೂಡಿಬಂದದ್ದು ಈ ಶತಮಾನದ ಮೊದಲ ದಶಕದಲ್ಲಿ. 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಬುಡೆಸೊನೈಡನ್ನು ಸಾಲ್ಬ್ಯುಟಮಾಲ್, ಲಿವೋಸಾಲ್ಬ್ಯುಟಮಾಲ್, ಇಪ್ರಾಟ್ರೋಪಿಯಂ, ಕ್ರೋಮೊಗ್ಲೈಕೇಟ್‌ಗಳೊಡನೆ ಬೆರೆಸಿ, ಅರ್ಧ ಗಂಟೆಯವರೆಗೆ ಅವು ಕೆಡದೆ ಉಳಿಯುತ್ತವೆಂದು ತೋರಿಸಿತು. 2006ರಲ್ಲಿ ಜರ್ಮನಿಯ ಕಾಮಿನ್ ಮತ್ತು ಸಂಗಡಿಗರು ಅದುವರೆಗಿನ ಫಲಿತಾಂಶಗಳನ್ನು ಒಟ್ಟುಗೂಡಿಸಿದರು. ಸಾಲ್ಬ್ಯುಟಮಾಲ್ ಮತ್ತು ಇಪ್ರಾಟ್ರೋಪಿಯಂ ದ್ರಾವಣಗಳೆರಡೂ ಆಮ್ಲೀಯವಾಗಿದ್ದು ಆಮ್ಲದಲ್ಲೇ ಸ್ಥಿರವಾಗಿರುವುದು ಅವುಗಳ ಸಖ್ಯಕ್ಕೆ ಕಾರಣ. ಕಫದ ಅಂಟನ್ನು ಸೀಳುವ ಡಾರ್ನೇಸ್ ಆಲ್ಫಾ ಪ್ರೋಟೀನ್ ಆದ್ದರಿಂದ ಅದನ್ನು ಯಾವುದರೊಡನೆಯೂ ಬೆರೆಸುವಂತಿಲ್ಲ. ರಕ್ತನಾಳಕ್ಕಾಗಿ ತಯಾರಿಸಿದ ಇಂಜೆಕ್ಷನ್ ದ್ರಾವಣಗಳಲ್ಲಿ ಉಸಿರುದಾರಿಗೆ ಒಗ್ಗದ ವಸ್ತುಗಳಿರಬಹುದಾದ್ದರಿಂದ ಅವುಗಳಿಗೂ ಈ ಬಟ್ಟಲಲ್ಲಿ ಜಾಗವಿಲ್ಲ.

ಹೋಬಳಿ ದವಾಖಾನೆಯಲ್ಲಿ ಈ ವಿದ್ಯೆಯೆಲ್ಲ ಕೆಲವು ಕೈಚಳಕಗಳಾಗಿ ಇಳಿದಿದೆ. ಡ್ಯುವೋಲಿನ್ ಎಂಬ ರೆಸ್ಪ್ಯೂಲಿನ 2.5 ಮಿಲಿಲೀಟರಿನಲ್ಲಿ 1.25 ಮಿಲಿಗ್ರಾಂ ಲಿವೋಸಾಲ್ಬ್ಯುಟಮಾಲ್ ಮತ್ತು 500 ಮೈಕ್ರೋಗ್ರಾಂ ಇಪ್ರಾಟ್ರೋಪಿಯಂ ಕಾರ್ಖಾನೆಯಲ್ಲೇ ಕೂಡಿರುತ್ತವೆ. ಬುಡೆಕಾರ್ಟ್ ರೆಸ್ಪ್ಯೂಲಿನಲ್ಲಿ 2 ಮಿಲಿಲೀಟರ್ ಬುಡೆಸೊನೈಡ್ ಇರುತ್ತದೆ. ಬುಡೆಸೊನೈಡ್ ನೀರಿನಲ್ಲಿ ಕರಗದೆ ಸಣ್ಣ ಕಣಗಳಾಗಿ ತೇಲುವುದರಿಂದ ಆ ರೆಸ್ಪ್ಯೂಲನ್ನು ಮೊದಲು ಮೆಲ್ಲನೆ ಅಲ್ಲಾಡಿಸಿ, ಬಳಿಕ ಅದರ ತುದಿಯನ್ನು ತಿರುಚಿ ಮುರಿದು ಬಟ್ಟಲಿಗೆ ಹಿಂಡುತ್ತಾರೆ. ಎರಡೂ ಕೂಡಿದರೆ 4.5 ಮಿಲಿಲೀಟರ್ ಆಗುವುದರಿಂದ ಸಲೈನ್ ಬೇಕಾಗುವುದಿಲ್ಲ. ಒಂಟಿ ರೆಸ್ಪ್ಯೂಲ್ ಆದರೆ ಸುಮಾರು 1 ಮಿಲಿಲೀಟರ್ ಮಂಜಾಗದೆ ಬಟ್ಟಲಲ್ಲೇ ಉಳಿಯುವುದರಿಂದ ಸಲೈನ್ ಸೇರಿಸಿ ನಷ್ಟವನ್ನು ತಗ್ಗಿಸಬೇಕಾಗುತ್ತದೆ. ಕರೆಂಟು ಹೋದಾಗ ಆಕ್ಸಿಜನ್ ಸಿಲಿಂಡರಿನಿಂದ ನಿಮಿಷಕ್ಕೆ 6ರಿಂದ 8 ಲೀಟರ್ ಹರಿಸಿದರೂ ಮಂಜು ಏಳುತ್ತದೆ. ಶಬ್ದದ ಕಂಪನದಿಂದ ಮಂಜೆಬ್ಬಿಸುವ ಅಲ್ಟ್ರಾಸೋನಿಕ್ ಯಂತ್ರ ಮಾತ್ರ ತೇಲುವ ಕಣಗಳನ್ನು ಸರಿಯಾಗಿ ಒಯ್ಯದು. ಮುಗಿದ ಮೇಲೆ ಮಗುವಿನ ಮುಖ ತೊಳೆದು ಬಾಯಿ ಮುಕ್ಕಳಿಸಬೇಕೆಂಬುದೂ ಸ್ಟಿರಾಯ್ಡಿನ ಕಾರಣದಿಂದ ಬಂದ ನಿಯಮ.

2008ರ ನವೆಂಬರ್ 1ರಂದು ಕರ್ನಾಟಕದಲ್ಲಿ ಆರಂಭವಾದ 108 ಆರೋಗ್ಯ ಕವಚ ಆಂಬುಲೆನ್ಸ್ ಸೇವೆ ಹಳ್ಳಿಯ ರೋಗಿಗೂ ಜಿಲ್ಲಾಸ್ಪತ್ರೆಗೂ ನಡುವಣ ಅಂತರವನ್ನು ಕಿರಿದುಗೊಳಿಸಿತು. 2020ರ ಕೋವಿಡ್ ಕಾಲದಲ್ಲಿ ಮಂಜಿನೊಡನೆ ಸೋಂಕು ಹರಡೀತೆಂಬ ಭಯದಿಂದ ನೆಬ್ಯುಲೈಸರನ್ನು ಹಿಂದಿಟ್ಟು, ಇನ್‌ಹೇಲರಿಗೆ ಸ್ಪೇಸರ್ ಎಂಬ ಟೊಳ್ಳು ಕೊಳವೆ ಜೋಡಿಸಿ ಔಷಧ ಕೊಡುವುದನ್ನು ವೈದ್ಯರು ಮುಂದೆ ತಂದರು. ಸಾಧಾರಣ ದಮ್ಮಿಗೆ ಅದು ನೆಬ್ಯುಲೈಸರಿನಷ್ಟೇ ಗುಣಕಾರಿಯೆಂಬುದು ಮೊದಲೇ ಸಿದ್ಧವಾಗಿತ್ತು. ಅಷ್ಟರಲ್ಲಿ ಬೆರಕೆಯ ತತ್ವವೂ ತುರ್ತು ಚಿಕಿತ್ಸೆಯ ಬಟ್ಟಲಿನಿಂದ ದಿನನಿತ್ಯದ ಇನ್‌ಹೇಲರಿಗೆ ಸಾಗಿತ್ತು. ಅಸ್ತಮಾ ಚಿಕಿತ್ಸೆಯ ಜಾಗತಿಕ ಮಾರ್ಗಸೂಚಿಯಾದ ಜಿನಾ, ನಾಳ ಸಡಿಲಿಸುವ ಔಷಧವೊಂದನ್ನೇ ನೆಚ್ಚುವುದು ಅಪಾಯಕರವೆಂದು 2019ರಲ್ಲಿ ಹೇಳಿ, ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಎರಡೂ ಕೂಡಿದ ಇನ್‌ಹೇಲರನ್ನು ಸೌಮ್ಯ ಅಸ್ತಮಾಕ್ಕೂ ಸೂಚಿಸಿತು. ನೆಬ್ಯುಲೈಸರಿನ ಬೆರಕೆಯಲ್ಲಿ ರೂಢಿ ಮುಂದೆ ನಡೆದು ಪುರಾವೆ ಹಿಂದಿನಿಂದ ಬಂದಿದ್ದರೆ, ಇನ್‌ಹೇಲರಿನ ಬೆರಕೆಯಲ್ಲಿ ಪುರಾವೆ ಮುಂದೆ ನಡೆದಿದೆ. ಇನ್‌ಹೇಲರ್ ಹಿಡಿದರೆ ಚಟವಾಗಿ ಅಂಟಿಕೊಳ್ಳುತ್ತದೆಂಬ ಅಂಜಿಕೆಯಿಂದ, ದಮ್ಮು ಹತ್ತಿದಾಗ ಮಾತ್ರ ನೆಬ್ಯುಲೈಸೇಶನ್ ಮಾಡಿಸಿಕೊಂಡು ಮನೆಗೆ ಮರಳುವ ಪದ್ಧತಿ ಹಳ್ಳಿಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಔಷಧಗಳು ಪರಸ್ಪರ ಹೊಂದುವುದನ್ನು ವಿಜ್ಞಾನ ಖಚಿತಪಡಿಸಿದ ಮೇಲೂ, ಆ ಜ್ಞಾನಕ್ಕೂ ಜನರ ರೂಢಿಗೂ ಹೊಂದಿಕೆ ಮೂಡಿಸುವ ಕೆಲಸ ಹೋಬಳಿ ಮಟ್ಟದ ವೈದ್ಯರಿಗೂ ಆಶಾ ಕಾರ್ಯಕರ್ತೆಯರಿಗೂ ಉಳಿದಿದೆ.